ಪ್ರಥಮ ಪುರುಷದಿಂದ ಉತ್ತಮ ಪುರುಷದವರೆಗೆ: ಭೈರಪ್ಪನವರ ಮೂರು ಕೃತಿಗಳಲ್ಲಿ ಹದಿಹರೆಯದ ಶೋಕ

1

ದೆಹಲಿಯಲ್ಲಿ ಯಮುನೆಯ ಪೂರ್ವದಂಡೆಗೆ ಲಕ್ಷ್ಮೀ ನಗರವೆಂಬ ಬಡಾವಣೆಯಿದೆ. ವಿಕಾಸ ಮಾರ್ಗದ ಇಕ್ಕೆಲಗಳಲ್ಲಿ ಲೆಕ್ಕಪರಿಶೋಧಕರ ಪರೀಕ್ಷೆಗೆ ತರಬೇತಿ ಕೊಡುವ ಕೇಂದ್ರಗಳ ಫಲಕಗಳು ಒಂದರ ಮೇಲೊಂದು ತೂಗುತ್ತವೆ. ಹಿಂದಿನ ಗಲ್ಲಿಗಳಲ್ಲಿ ದೇಶದ ನಾನಾ ಮೂಲೆಗಳಿಂದ ಬಂದ ಹದಿನೆಂಟು ಹತ್ತೊಂಬತ್ತರ ಹರೆಯದವರು ಒಂದೊಂದು ಕೋಣೆಯಲ್ಲಿ ಇಬ್ಬರು ಮೂವರಾಗಿ ಬಾಡಿಗೆಗೆ ಇರುತ್ತಾರೆ. ಅಂಥ ಒಂದು ಕೋಣೆಯಲ್ಲಿ ಕೆಲವು ಕನ್ನಡ ವಿದ್ಯಾರ್ಥಿಗಳೊಡನೆ ಕನ್ನಡ ಕಾದಂಬರಿಗಳನ್ನು ಓದುವ ರೂಢಿಯನ್ನು ನಾವು ಕೆಲಕಾಲ ಇಟ್ಟುಕೊಂಡಿದ್ದೆವು. ಎಸ್.ಎಲ್. ಭೈರಪ್ಪನವರ 'ಗೃಹಭಂಗ'ವನ್ನು ಓದಿ ಮುಗಿಸಿದ ಸಂಜೆ, ತಾಯಿಯನ್ನು ಕಳೆದುಕೊಂಡು ಇನ್ನೂ ವರ್ಷ ತುಂಬದಿದ್ದ ಹುಡುಗನೊಬ್ಬ ಒಂದೇ ಒಂದು ಪ್ರಶ್ನೆ ಕೇಳಿದ: "ಅಮ್ಮ ಹೋದ ಮೇಲೆ ವಿಶ್ವನಿಗೆ ಹೇಗಿತ್ತು ಅಂತ ಯಾರೂ ಕೇಳೋದೇ ಇಲ್ವಲ್ಲ, ಸಾರ್?"

ಆ ಸಂಜೆ ನಾವು ಕೊಟ್ಟ ಉತ್ತರ ಅಧ್ಯಾಪಕರ ಉತ್ತರವಾಗಿತ್ತು. ಇದು ನಂಜಮ್ಮನ ಕಾದಂಬರಿ, ವಿಶ್ವನದಲ್ಲ, ಎಂದೆವು. ಉತ್ತರ ತಪ್ಪಲ್ಲದಿದ್ದರೂ ಪ್ರಶ್ನೆ ಅದರಿಂದ ತೀರಲಿಲ್ಲ. ಪ್ರಸ್ತುತ ಲೇಖನ ಆ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳುವ ಪ್ರಯತ್ನ. ಶೋಕದಲ್ಲಿರುವ ಹುಡುಗನೊಬ್ಬ ತನ್ನನ್ನು ತಾನು ಕಂಡುಕೊಳ್ಳುವ ಕಥೆಯನ್ನು ಇಂಗ್ಲಿಷಿನ ಪುಸ್ತಕಲೋಕ ತರುಣರ ಕಾದಂಬರಿ ಎಂಬ ಬೇರೆಯೇ ಕಪಾಟಿನಲ್ಲಿಟ್ಟಿದೆ. ಅಂಥ ಕಪಾಟು ಕನ್ನಡದಲ್ಲಿ ಗಟ್ಟಿಯಾಗಿ ರೂಪುಗೊಂಡಿಲ್ಲ. ಹಾಗೆಂದು ಆ ಕಥೆಯೇ ಕನ್ನಡದಲ್ಲಿಲ್ಲವೆಂದು ಹೊರನಾಡಿನ ಸಂಶೋಧಕರು ತೀರ್ಮಾನಿಸುವುದನ್ನು ನಾವು ಹಲವು ಸಲ ಕಂಡಿದ್ದೇವೆ. ಕಥೆ ಇದೆ, ಆದರೆ ಒಂದು ಪುಸ್ತಕದಲ್ಲಿಲ್ಲ, ಮೂರರಲ್ಲಿ ಹಂಚಿಹೋಗಿದೆ ಎಂಬುದು ನಮ್ಮ ವಾದ. 'ಗೃಹಭಂಗ' (1970), 'ಅನ್ವೇಷಣ' (1976) ಮತ್ತು ಆತ್ಮಕಥೆ 'ಭಿತ್ತಿ' (1996) ಇವೇ ಆ ಮೂರು. ಇಪ್ಪತ್ತಾರು ವರ್ಷಗಳ ಅವಧಿಯಲ್ಲಿ ಒಂದೇ ಶೋಕ ಮೂರು ಸಲ, ಮೂರು ಬಗೆಯ ನಿರೂಪಣೆಯಲ್ಲಿ ಬಂದಿದೆ. 2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡ ಮೇಲೆ ಅವರ ಬರವಣಿಗೆಯನ್ನು ಇಡಿಯಾಗಿ ನೋಡುವ ಅವಕಾಶವೂ ಹೊಣೆಯೂ ನಮಗೆ ಬಂದಿವೆ.

2

'ಗೃಹಭಂಗ' ಪ್ರಕಟವಾದ ಹೊತ್ತಿಗೆ ಭೈರಪ್ಪನವರು ದೆಹಲಿಯ ಎನ್.ಸಿ.ಇ.ಆರ್.ಟಿ.ಯಲ್ಲಿ ಉದ್ಯೋಗದಲ್ಲಿದ್ದರು. ತಿಪಟೂರು, ಚನ್ನರಾಯಪಟ್ಟಣಗಳ ಸುತ್ತಣ ಸೀಮೆಯ ಮಾತು, ಊಟ, ಬೈಗುಳ, ಶಾನುಭೋಗಿಕೆಯ ಲೆಕ್ಕ ಇವನ್ನೆಲ್ಲ ಇಷ್ಟು ದಟ್ಟವಾಗಿ ಹಿಡಿದ ಕೃತಿಯನ್ನು ಅದರ ಕರ್ತೃ ಆ ಸೀಮೆಯಿಂದ ಬಹುದೂರ ಬಂದು ನೆಲೆಸಿದ್ದ ಕಾಲದಲ್ಲಿ ಕನ್ನಡಕ್ಕೆ ಕೊಟ್ಟರು ಎಂಬುದು ಹೊರನಾಡಿನ ಓದುಗರಿಗೆ ನೆನಪಿರಬೇಕಾದ ಸಂಗತಿ.

ಕಾದಂಬರಿಯ ಹಂದರ ಪರಿಚಿತವಾದದ್ದೇ. ನಾಗಲಾಪುರದ ಕಂಠೀಜೋಯಿಸರ ಮಗಳು ನಂಜಮ್ಮ ರಾಮಸಂದ್ರದ ಗಂಗಮ್ಮನ ಸೊಸೆಯಾಗಿ ಬರುತ್ತಾಳೆ. ಗಂಡ ಚೆನ್ನಿಗರಾಯ ಹೊಟ್ಟೆಬಾಕ, ಸೋಮಾರಿ, ಹೆಸರಿಗೆ ಶಾನುಭೋಗ. ಲೆಕ್ಕ ಬರೆಯುವವಳು ನಂಜಮ್ಮ, ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ತುಂಬಿಸುವವಳೂ ಅವಳೇ. ಪ್ಲೇಗು ಬಂದು ಪಾರ್ವತಿ, ರಾಮಣ್ಣ ಇಬ್ಬರನ್ನೂ ಒಯ್ಯುತ್ತದೆ. ಮುಂದೆ ಅದೇ ರೋಗ ನಂಜಮ್ಮನನ್ನೂ ಬಿಡುವುದಿಲ್ಲ. ಉಳಿಯುವವನು ಕಿರಿಯ ಮಗ ವಿಶ್ವ. ಸೋದರಮಾವನ ಮನೆಯಲ್ಲೂ ಅವನಿಗೆ ನೆಲೆ ಸಿಗುವುದಿಲ್ಲ. ಕೊನೆಗೆ, ನಂಜಮ್ಮನ ಕಷ್ಟಸುಖ ಬಲ್ಲ ಭಿಕ್ಷಾಜೀವಿ ಜಂಗಮ ಮಾದೇವಯ್ಯನವರೊಡನೆ ಅವನು ಊರು ಬಿಟ್ಟು ಹೊರಡುವಲ್ಲಿ ಕಾದಂಬರಿ ನಿಲ್ಲುತ್ತದೆ.

ವಿಮರ್ಶೆ ಈ ಕೃತಿಯನ್ನು ಎರಡು ಬಗೆಯಲ್ಲಿ ಓದಿದೆ. ಒಂದು, ಹಳ್ಳಿಯ ಬ್ರಾಹ್ಮಣ ಕುಟುಂಬವೊಂದರ ಅವನತಿಯ ಸಾಮಾಜಿಕ ದಾಖಲೆಯಾಗಿ. ಎರಡು, ನಂಜಮ್ಮ ಎಂಬ ಅಸಾಧಾರಣ ಹೆಣ್ಣಿನ ದುರಂತವಾಗಿ. ಗಿರೀಶ ಕಾಸರವಳ್ಳಿಯವರು ಇದನ್ನು ಕಿರುತೆರೆಗೆ ಧಾರಾವಾಹಿಯಾಗಿ ತಂದ ಮೇಲೆ ಎರಡನೆಯ ಓದು ಇನ್ನಷ್ಟು ನೆಲೆಗೊಂಡಿತು. ಈ ಎರಡು ಓದುಗಳಲ್ಲೂ ವಿಶ್ವ ಒಂದು ಶೇಷ ಮಾತ್ರ. ಕಥೆ ಮುಗಿದಾಗ ಉಳಿದವನು; ಕಥೆ ಯಾರದೋ ಅವನಲ್ಲ.

ಪಠ್ಯವೇ ಈ ಓದಿಗೆ ಎಡೆಗೊಡುತ್ತದೆ ಎಂಬುದನ್ನು ಒಪ್ಪಬೇಕು. ನಿರೂಪಣೆ ಪ್ರಥಮ ಪುರುಷದಲ್ಲಿದೆ. ನಿರೂಪಕ ಎಲ್ಲರ ಮನಸ್ಸನ್ನೂ ಹೊಕ್ಕು ನೋಡಬಲ್ಲ. ಆದರೆ ಅವನು ಹೆಚ್ಚು ಕಾಲ ನಿಲ್ಲುವುದು ನಂಜಮ್ಮನ ಪಕ್ಕದಲ್ಲಿ. ಅವಳು ಸತ್ತ ಮೇಲೆ ಕಾದಂಬರಿಯ ಕಣ್ಣೇ ಮುಚ್ಚಿದಂತಾಗುತ್ತದೆ. ಆಮೇಲಿನ ಪುಟಗಳಲ್ಲಿ ವಿಶ್ವನನ್ನು ಹೊರಗಿನಿಂದ ಕಾಣುತ್ತೇವೆ. ಅವನಿಗೆ ಊಟ ಸಿಕ್ಕಿತೇ, ಬಟ್ಟೆ ಸಿಕ್ಕಿತೇ, ಏಟು ಬಿತ್ತೇ ಎಂಬುದು ತಿಳಿಯುತ್ತದೆ. ಒಳಗೆ ಏನಾಯಿತು ಎಂಬುದರ ಬಗ್ಗೆ ನಿರೂಪಕ ಬಹು ಮಿತಭಾಷಿ. ಆ ಹುಡುಗನ ಪ್ರಶ್ನೆ ನೆಟ್ಟಿದ್ದು ಇಲ್ಲಿಯೇ.

ಇದು ದೋಷವೆ? ಪ್ಲೇಗಿನ ಊರನ್ನು ನೆನೆದರೆ ಹಾಗೆನ್ನಲಾಗದು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟು ಅನೇಕ ದಶಕಗಳ ಕಾಲ ಮರುಕಳಿಸುತ್ತಲೇ ಇತ್ತು. ಇಲಿ ಬಿದ್ದರೆ ಜನ ಊರು ಖಾಲಿ ಮಾಡಿ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಮನೆಯನ್ನು ಬಿಟ್ಟು ಓಡಿದರಷ್ಟೇ ಜೀವ ಉಳಿಯುವ ಸ್ಥಿತಿಯದು. ಕೃತಿಯ ಹೆಸರಿಗೆ ಈ ವಾಚ್ಯಾರ್ಥವೂ ಇದೆ. ಒಂದು ಸಾವಿನ ಸೂತಕ ಕಳೆಯುವ ಮೊದಲೇ ಇನ್ನೊಂದು ಸಾವು ಬರುವ ಕಡೆ ಶೋಕಕ್ಕೆ ಆದಿ, ಅಂತ್ಯ ಎಂಬುದಿರುವುದಿಲ್ಲ. ಹನ್ನೊಂದನೆಯ ದಿನವೋ ಹದಿಮೂರನೆಯ ದಿನವೋ ಕಳೆದ ಮೇಲೆ ಬದುಕಿಗೆ ಮರಳಬಹುದೆಂಬ ಕ್ರಿಯೆಯ ಭರವಸೆ ಅಲ್ಲಿ ಕೆಲಸ ಮಾಡುವುದಿಲ್ಲ. ಮಗುವಿನ ಅಂತರಂಗವನ್ನು ವಿಚಾರಿಸುವ ಪುರಸೊತ್ತು ಆ ಲೋಕಕ್ಕಿಲ್ಲ. ನಿರೂಪಕ ಆ ಲೋಕದ ಸತ್ಯಕ್ಕೆ ನಿಷ್ಠನಾಗಿದ್ದಾನೆ. ಆದರೆ ನಿಷ್ಠೆಗೂ ಬೆಲೆ ತೆರಬೇಕಾಗುತ್ತದೆ. ಆ ಬೆಲೆಯನ್ನು ವಿಶ್ವ ತೆತ್ತಿದ್ದಾನೆ.

3

ನಮ್ಮ ಮಧ್ಯಕಾಲೀನ ಕಾವ್ಯ ಪರಂಪರೆಯನ್ನು ಇಲ್ಲಿ ತಂದುಕೊಳ್ಳುವುದು ಪ್ರಸ್ತುತವೆನಿಸುತ್ತದೆ. ಕನ್ನಡ ಕಾವ್ಯದಲ್ಲಿ ಪ್ರಲಾಪದ ಅಧಿಕಾರ ಬಹುಮಟ್ಟಿಗೆ ಹಿರಿಯರದು. ಮಕ್ಕಳು ಸಾಯುತ್ತಾರೆ, ಹೆತ್ತವರು ಅಳುತ್ತಾರೆ. ರಾಘವಾಂಕನ 'ಹರಿಶ್ಚಂದ್ರಕಾವ್ಯ'ದಲ್ಲಿ ಹಾವು ಕಚ್ಚಿ ಸತ್ತ ಲೋಹಿತಾಶ್ವನಿಗಾಗಿ ಚಂದ್ರಮತಿ ಅಳುವ ಪ್ರಸಂಗ ಕರುಣರಸಕ್ಕೆ ಮಾದರಿಯೆನಿಸಿದೆ. ಕುಮಾರವ್ಯಾಸನಲ್ಲಿ ಅಭಿಮನ್ಯುವಿನ ಮರಣ ಅರ್ಜುನನ ಪ್ರತಿಜ್ಞೆಗೆ ಕಾರಣವಾಗುತ್ತದೆ. ತಂದೆಯನ್ನು ಕಳೆದುಕೊಂಡ ಮಗ ಬಂದರೆ ಅವನು ಪರಶುರಾಮನೋ ಅಶ್ವತ್ಥಾಮನೋ ಆಗಿರುತ್ತಾನೆ; ಅವನ ಶೋಕ ಕೂಡಲೇ ರೋಷವಾಗಿ ರೌದ್ರಕ್ಕೆ ಹೊರಳುತ್ತದೆ. ಎಳೆಯನಿಗೆ ದುಃಖದಲ್ಲಿ ಸುಮ್ಮನೆ ಇರುವ ಅವಕಾಶವನ್ನು ಕಾವ್ಯ ಕೊಟ್ಟದ್ದು ಕಡಿಮೆ.

ಹರಿಹರ ಇದಕ್ಕೆ ದೊಡ್ಡ ಅಪವಾದ. ಅವನ ರಗಳೆಯಲ್ಲಿ ಬರುವ ಅಲ್ಲಮ ಮದ್ದಳೆ ಬಾರಿಸುವ ತರುಣ. ಪ್ರೀತಿಸಿ ಮದುವೆಯಾದ ಕಾಮಲತೆ ಜ್ವರದಿಂದ ಸತ್ತಾಗ ಅವನು ಮರುಳನಂತೆ ಅಲೆಯುತ್ತಾನೆ. ಏನೂ ಮಾಡಲು ತೋಚದೆ ಕಾಲುಗುರಿನಿಂದ ನೆಲ ಕೆದಕುತ್ತ ಕುಳಿತಾಗ ಹೂತುಹೋದ ಗುಡಿಯ ಕಳಶ ಕಾಣುತ್ತದೆ; ಅಗೆಸಿ ಒಳಹೊಕ್ಕರೆ ಅನಿಮಿಷನ ದರ್ಶನ. ಗುರು ದೊರೆತದ್ದು ಹುಡುಕಿದ್ದರಿಂದಲ್ಲ, ದುಃಖದಲ್ಲಿ ಕುಳಿತು ನೆಲ ಕೆದಕಿದ್ದರಿಂದ. ಅದೇ ಹರಿಹರನ ಬಸವಣ್ಣನೂ ತಂದೆತಾಯಿಗಳನ್ನು ಕಳೆದುಕೊಂಡು ಹಿರಿಯಳೊಬ್ಬಳ ಆರೈಕೆಯಲ್ಲಿ ಬೆಳೆದು, ಹದಿನಾರರ ಸುಮಾರಿನಲ್ಲಿ ಜನಿವಾರ ಕಳಚಿ ಸಂಗಮದ ದಾರಿ ಹಿಡಿಯುವ ಹುಡುಗ. ಇಬ್ಬರಿಗೂ ದಾರಿ ತೆರೆದದ್ದು ಮನೆ ಮುರಿದ ಮೇಲೆ.

ಮುಂದೆ 15ನೆಯ ಶತಮಾನದಲ್ಲಿ ಚಾಮರಸ 'ಪ್ರಭುಲಿಂಗಲೀಲೆ' ಬರೆದಾಗ ಈ ಕಥೆಯನ್ನು ಒಪ್ಪಲಿಲ್ಲ ಎಂಬುದು ಗಮನಾರ್ಹ. ಅವನ ಅಲ್ಲಮ ಹೆಂಡತಿಯನ್ನು ಕಳೆದುಕೊಂಡವನಲ್ಲ, ಮಾಯೆಗೆ ಸಿಗದವನು. ಜ್ಞಾನಿಯಾದವನು ಒಮ್ಮೆ ಶೋಕಿಸಿದ್ದನೆಂಬ ನೆನಪನ್ನೇ ಕಾವ್ಯ ಅಳಿಸಿತು. ತತ್ತ್ವದ ದೃಷ್ಟಿಯಿಂದ ಅದಕ್ಕೆ ಸಮರ್ಥನೆಯಿದೆ. ಸಾಹಿತ್ಯ ಚರಿತ್ರೆಯ ದೃಷ್ಟಿಯಿಂದ ನೋಡಿದರೆ, ತರುಣನ ಶೋಕ ಹರಿಹರನಲ್ಲಿ ಒಮ್ಮೆ ಹೊರಬಂದು ಮತ್ತೆ ಮಣ್ಣಿನಡಿ ಸೇರಿತು ಎನ್ನಬೇಕಾಗುತ್ತದೆ.

ಭೈರಪ್ಪನವರು ಹರಿಹರನಿಂದ ಪ್ರಭಾವಿತರೆಂದು ನಾವು ಹೇಳುತ್ತಿಲ್ಲ. ಅದಕ್ಕೆ ಆಧಾರ ಬೇಕಿಲ್ಲ, ಅಗತ್ಯವೂ ಇಲ್ಲ. ಆದರೆ ತಾಯಿಯಿಲ್ಲದ ಹುಡುಗನೊಬ್ಬ ಸ್ವಂತ ಮನೆಯಿಲ್ಲದ ಜಂಗಮನ ಜೊತೆ ದಾರಿಗಿಳಿಯುವಲ್ಲಿ 'ಗೃಹಭಂಗ' ಮುಗಿಯುವುದನ್ನು ಕಂಡಾಗ, ಈ ನಾಡಿನ ಕಥನದಲ್ಲಿ ಅಂಥ ಹೊರಡುವಿಕೆಗೆ ಹಳೆಯ ಅರ್ಥವೊಂದಿದೆ ಎಂಬುದನ್ನು ಮರೆಯಲಾಗದು. ಮಾದೇವಯ್ಯ ವಿಶ್ವನಿಗೆ ಮನೆ ಕೊಡಲಾರ. ಅವನಲ್ಲಿರುವುದು ಜೋಳಿಗೆ ಮಾತ್ರ. ಮನೆ ಉಳಿಸಿಕೊಂಡವರು ಯಾರೂ ಹುಡುಗನನ್ನು ಉಳಿಸಿಕೊಳ್ಳಲಿಲ್ಲ. ಮನೆಯೇ ಇಲ್ಲದವನು ಕೈ ಹಿಡಿದ.

4

'ಗೃಹಭಂಗ'ದ ಕೊನೆಯಲ್ಲಿ ವಿಶ್ವ ಇನ್ನೂ ಬಾಲಕ. ಹದಿಹರೆಯ ಬರುವುದು ಆಮೇಲೆ. ಅಂದರೆ ಪುಸ್ತಕದ ಹೊರಗೆ. ಆರು ವರ್ಷಗಳ ನಂತರ ಬಂದ 'ಅನ್ವೇಷಣ' ಅದೇ ವಿಶ್ವನಾಥನ ಮುಂದಿನ ಬದುಕನ್ನು ಹಿಂಬಾಲಿಸುತ್ತದೆ. ಇಲ್ಲಿ ಅವನ ಸ್ವರ ಕೇಳೀತೆಂದು ನಿರೀಕ್ಷಿಸಿದ ಓದುಗನಿಗೆ ಕಾದಂಬರಿಯ ತಂತ್ರ ಅಡ್ಡ ಬರುತ್ತದೆ. ವಿಶ್ವನಾಥ ನಮ್ಮನ್ನು ತಲಪುವುದು ಅವನನ್ನು ಕಂಡವರ, ಬಲ್ಲವರ ಮಾತಿನ ಮೂಲಕ. ಒಬ್ಬೊಬ್ಬರಿಗೂ ಅವನು ಒಂದೊಂದು ಬಗೆಯಾಗಿ ಕಾಣುತ್ತಾನೆ. ಅವನು ಏನನ್ನು ಹುಡುಕುತ್ತಿದ್ದಾನೆಂದು ಹೇಳುವವರೆಲ್ಲ ತಮ್ಮ ತಮ್ಮ ಹುಡುಕಾಟವನ್ನೇ ಹೇಳಿಕೊಳ್ಳುತ್ತಾರೆ.

ಈ ತಂತ್ರವನ್ನು ನವ್ಯದ ಕಾಲದ ಪ್ರಯೋಗಶೀಲತೆಯೆಂದು ವಿವರಿಸುವುದು ಸುಲಭ. ನಮಗೆ ಬೇರೊಂದು ಕಾರಣವೂ ಕಾಣುತ್ತದೆ. ಹಳೆಯ ಮೈಸೂರಿನ ಆಡುಮಾತಿನಲ್ಲಿ ತಬ್ಬಲಿಯನ್ನು 'ಪರದೇಶಿ' ಎನ್ನುತ್ತಾರೆ. ಹೆತ್ತವರಿಲ್ಲದವನು ತನ್ನೂರಿನಲ್ಲೇ ಪರದೇಶದವನು ಎಂಬ ತಿಳಿವು ಆ ಒಂದು ಶಬ್ದದಲ್ಲಿದೆ. ಪರದೇಶಿಯ ಬಗ್ಗೆ ಊರೆಲ್ಲ ಮಾತಾಡುತ್ತದೆ. ಅವನ ಜೊತೆ ಮಾತಾಡುವವರು ಕಡಿಮೆ. 'ಅನ್ವೇಷಣ'ದ ರಚನೆ ಈ ಸಾಮಾಜಿಕ ಸತ್ಯಕ್ಕೆ ಕೊಟ್ಟ ರೂಪದಂತಿದೆ. ತಬ್ಬಲಿ ಹುಡುಗ ಎಲ್ಲರ ಬಾಯಲ್ಲೂ ಇರುತ್ತಾನೆ, ತನ್ನ ಬಾಯಲ್ಲಿ ಮಾತ್ರ ಇರುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಕನ್ನಡದಲ್ಲಿ 'ನಾನು' ಎಂದು ಹೇಳಿಕೊಳ್ಳುವ ಹುಡುಗ ಅದಕ್ಕೂ ಮೊದಲೇ ಬಂದಿದ್ದ. ಯು.ಆರ್. ಅನಂತಮೂರ್ತಿಯವರ 'ಪ್ರಶ್ನೆ' (1963) ಸಂಕಲನದ 'ಘಟಶ್ರಾದ್ಧ'ವನ್ನು ಹೇಳುವವನು ವೇದಪಾಠಕ್ಕೆ ಬಂದ ಬಾಲಕ ನಾಣಿ. ಬದುಕಿರುವ ಯಮುನಕ್ಕನಿಗೆ ಸತ್ತವರ ಕ್ರಿಯೆ ಮಾಡುವುದನ್ನು ಅವನು ಕಾಣುತ್ತಾನೆ. ಆದರೆ ಅಲ್ಲಿ ನಾಣಿ ಸಾಕ್ಷಿ. ಘೋರವಾದುದನ್ನು ಕಂಡು ಅವನು ತನ್ನ ಮನೆಗೆ ಮರಳಬಲ್ಲ. ಮುರಿದಿರುವುದು ಇನ್ನೊಬ್ಬರ ಬಾಳು. 'ನಾನು' ಎನ್ನುವ ಸ್ವರ ಅಲ್ಲಿದೆ, ಮರಳಲು ಮನೆಯೂ ಇದೆ. ಮರಳಲು ಮನೆಯಿಲ್ಲದವನ 'ನಾನು' ಇನ್ನೂ ಬರಬೇಕಾಗಿತ್ತು.

5

ಅದು ಬಂದದ್ದು 1996ರಲ್ಲಿ, 'ಭಿತ್ತಿ'ಯಲ್ಲಿ. ಬಂದದ್ದು ಕಾದಂಬರಿಯಾಗಿ ಅಲ್ಲ, ಆತ್ಮಕಥೆಯಾಗಿ. 1931ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಭೈರಪ್ಪನವರು ಪ್ಲೇಗಿನಿಂದ ಒಡಹುಟ್ಟಿದವರನ್ನೂ ತಾಯಿಯನ್ನೂ ಕಳೆದುಕೊಂಡವರು. ತಮ್ಮನ ಶವವನ್ನು ತಾನೇ ಹೊತ್ತು ಸ್ಮಶಾನಕ್ಕೆ ಒಯ್ದ ಹುಡುಗ, ಓದಿಗಾಗಿ ಸಿಕ್ಕಿದ ಕೆಲಸಗಳನ್ನೆಲ್ಲ ಮಾಡಿದ ಹುಡುಗ, ಪ್ರೌಢಶಾಲೆಯ ಓದನ್ನು ನಡುವೆ ಬಿಟ್ಟು ಮುಂಬಯಿಗೆ ಹೋಗಿ ರೈಲು ನಿಲ್ದಾಣದಲ್ಲಿ ಮೂಟೆ ಹೊತ್ತು, ಕೆಲಕಾಲ ಸಾಧುಗಳ ಜೊತೆ ತಿರುಗಿ, ಮತ್ತೆ ಮೈಸೂರಿಗೆ ಬಂದು ಓದು ಮುಂದುವರಿಸಿದ ಹುಡುಗ ಇಲ್ಲಿ ತನ್ನ ಮಾತಿನಲ್ಲೇ ಕಾಣಿಸಿಕೊಳ್ಳುತ್ತಾನೆ. 'ಗೃಹಭಂಗ'ಕ್ಕೂ 'ಅನ್ವೇಷಣ'ಕ್ಕೂ ನಡುವೆ ಖಾಲಿ ಬಿದ್ದಿದ್ದ ಹದಿಹರೆಯ ಇಲ್ಲಿ ತುಂಬಿಕೊಳ್ಳುತ್ತದೆ. ಅವರು ತತ್ತ್ವಶಾಸ್ತ್ರವನ್ನು ಆರಿಸಿಕೊಂಡದ್ದರ ಹಿಂದೆಯೂ ಸಾವೆಂದರೇನು ಎಂಬ ಪ್ರಶ್ನೆಯೇ ಇತ್ತು.

ನಮ್ಮ ವ್ಯಾಕರಣಕಾರರು ಅವನು, ಅವಳು ಎಂಬುದನ್ನು ಪ್ರಥಮ ಪುರುಷವೆಂದೂ, ನಾನು ಎಂಬುದನ್ನು ಉತ್ತಮ ಪುರುಷವೆಂದೂ ಕರೆದಿದ್ದಾರೆ. ಎಣಿಕೆ 'ಅವನು' ಎಂಬಲ್ಲಿಂದ ಆರಂಭವಾಗಿ 'ನಾನು' ಎಂಬಲ್ಲಿ ಮುಗಿಯುತ್ತದೆ. ಈ ಮೂರು ಕೃತಿಗಳ ಕ್ರಮವೂ ಅದೇ. ಮೊದಲನೆಯದರಲ್ಲಿ ಹುಡುಗ 'ಅವನು'. ಎರಡನೆಯದರಲ್ಲಿ ಅವನು ಹಲವರ ಮಾತಿನಲ್ಲಿ ಹಂಚಿಹೋದವನು. ಮೂರನೆಯದರಲ್ಲಿ 'ನಾನು'. ತಾಯಿ ಸತ್ತಾಗಿನಿಂದ 'ನನಗೆ ಹೀಗಾಯಿತು' ಎಂದು ಬರೆಯುವವರೆಗೆ ಅರ್ಧ ಶತಮಾನ ಬೇಕಾಯಿತು.

ಹೋಲಿಕೆಗೆ ಒಂದು ಹೊರಗಿನ ಉದಾಹರಣೆ ಕೊಡಬಹುದು. ಅಮೆರಿಕದಲ್ಲಿ ತರುಣರ ಕಾದಂಬರಿಗೆ ತಳಹದಿ ಹಾಕಿತೆನ್ನಲಾಗುವ ಎಸ್.ಇ. ಹಿಂಟನ್ ಅವರ 'ದಿ ಔಟ್‌ಸೈಡರ್ಸ್' ಪ್ರಕಟವಾದದ್ದು 1967ರಲ್ಲಿ, 'ಗೃಹಭಂಗ'ಕ್ಕಿಂತ ಮೂರು ವರ್ಷ ಮೊದಲು. ತಂದೆತಾಯಿಗಳನ್ನು ಅಪಘಾತದಲ್ಲಿ ಕಳೆದುಕೊಂಡ ಹದಿನಾಲ್ಕರ ಹುಡುಗ ಅದರ ನಿರೂಪಕ. ಮುಂದೆ ಗೆಳೆಯರೂ ಸಾಯುತ್ತಾರೆ. ಶಾಲೆಗೆ ಬರೆಯಬೇಕಾದ ಪ್ರಬಂಧವಾಗಿ ಅವನು ಈ ಕಥೆಯನ್ನೇ ಬರೆಯತೊಡಗುವಲ್ಲಿ ಕಾದಂಬರಿ ಕೊನೆಗೊಳ್ಳುತ್ತದೆ. ದುಃಖ, 'ನಾನು' ಎಂಬ ಸ್ವರ, ಬರವಣಿಗೆ ಈ ಮೂರೂ ಒಂದೇ ಪುಸ್ತಕದೊಳಗೆ, ಕೆಲವೇ ತಿಂಗಳ ಕಥಾಕಾಲದಲ್ಲಿ ಕೂಡಿಕೊಳ್ಳುತ್ತವೆ. ಅಲ್ಲಿ ಹುಡುಗನಿಗೆ ಮಾತಾಡೆಂದು ಹೇಳುವ ಅಧ್ಯಾಪಕನಿದ್ದಾನೆ, ಓದುವ ಕಪಾಟು ಸಿದ್ಧವಾಗುತ್ತಿದೆ. ರಾಮಸಂದ್ರದ ಹುಡುಗನಿಗೆ ಇವು ಇರಲಿಲ್ಲ. ಆದ್ದರಿಂದ ಆ ಪ್ರಕಾರದ ಅಳತೆಗೋಲನ್ನು ಹಿಡಿದು 'ಗೃಹಭಂಗ'ವನ್ನು ಅಳೆದರೆ ಕೊರತೆ ಮಾತ್ರ ಕಾಣುತ್ತದೆ. ಮೂರನ್ನೂ ಕೂಡಿಸಿ ಓದಿದಾಗ ಕಾಣುವುದು ಬೇರೆ: ದುಃಖಕ್ಕೆ ಮಾತು ಸಿಗಲು ಹಿಡಿಯುವ ಕಾಲವೇ ಇಲ್ಲಿ ಕಥೆಯಾಗಿದೆ.

6

ಈ ಓದಿನ ಮಿತಿಗಳನ್ನೂ ಹೇಳದಿದ್ದರೆ ಅಪಚಾರವಾದೀತು. ಮೊದಲನೆಯದಾಗಿ, 'ಭಿತ್ತಿ'ಯ 'ನಾನು' ಅರವತ್ತೈದರ ಸಮೀಪದ ಪ್ರಸಿದ್ಧ ಲೇಖಕನದು. ಅವನಿಗೆ ತಾನು ಗೆದ್ದುಬಂದದ್ದು ಗೊತ್ತಿದೆ. ಕಷ್ಟವನ್ನು ಹೇಳುವಾಗಲೂ ಆ ಗೆಲುವಿನ ನೆರಳು ಅದರ ಮೇಲೆ ಬೀಳುತ್ತದೆ. ಹದಿನೈದರ ಹುಡುಗನ ಗೊಂದಲ, ನಾಚಿಕೆ, ಸತ್ತವರ ಮೇಲಿನ ಸಿಟ್ಟು ಇವು ದಾಟಿಬಂದವನ ಗದ್ಯದಲ್ಲಿ ಎಷ್ಟರ ಮಟ್ಟಿಗೆ ಉಳಿದಾವು ಎಂಬುದು ಕೇಳಲೇಬೇಕಾದ ಪ್ರಶ್ನೆ. ಕಾದಂಬರಿ ಮತ್ತು ಆತ್ಮಕಥೆಗಳನ್ನು ಒಂದರ ಪಕ್ಕ ಒಂದಿಟ್ಟಾಗ ವಿಶ್ವನೇ ಭೈರಪ್ಪ ಎಂದು ಸಮೀಕರಿಸುವ ಸೋಮಾರಿತನಕ್ಕೂ ಅವಕಾಶವಿದೆ. ನಾವು ಹೇಳುತ್ತಿರುವುದು ವ್ಯಕ್ತಿಗಳ ಸಮೀಕರಣವನ್ನಲ್ಲ, ನಿರೂಪಣೆಯ ಕ್ರಮವನ್ನು.

ಎರಡನೆಯದು ಹೆಚ್ಚು ಗಂಭೀರವಾದದ್ದು. ಶೋಕದಿಂದ ದಾರಿಗೆ, ದಾರಿಯಿಂದ ತನ್ನತನಕ್ಕೆ ಎಂಬ ಈ ಪಯಣ ಗಂಡುಹುಡುಗನಿಗೆ ಮಾತ್ರ ತೆರೆದಿದೆ. ಅಲ್ಲಮ, ಬಸವಣ್ಣ, ವಿಶ್ವ ಮೂವರೂ ಹೊರಡಬಲ್ಲರು. ಅಕ್ಕಮಹಾದೇವಿ ಹೊರಟಳು, ನಿಜ. ಆದರೆ ಅವಳ ಹೊರಡುವಿಕೆಯನ್ನು ಪರಂಪರೆ ಶೋಕದ ಕಥೆಯಾಗಿ ಹೇಳಲಿಲ್ಲ. ವಿಶ್ವನ ಅಕ್ಕ ಪಾರ್ವತಿಗೆ ಪ್ಲೇಗಿನ ಮೊದಲೂ ಇದ್ದದ್ದು ಮದುವೆಯ ದಾರಿಯೊಂದೇ. ಅವಳೇ ಬದುಕುಳಿದು ವಿಶ್ವ ಸತ್ತಿದ್ದರೆ ಮಾದೇವಯ್ಯ ಅವಳ ಕೈ ಹಿಡಿದು ಊರು ದಾಟಿಸಲಾಗುತ್ತಿತ್ತೆ? ಈ ಪ್ರಶ್ನೆಗೆ ಮೂರೂ ಕೃತಿಗಳಲ್ಲಿ ಉತ್ತರವಿಲ್ಲ. ನಂಜಮ್ಮನಂಥ ಹೆಣ್ಣನ್ನು ಸೃಷ್ಟಿಸಿದ ಲೇಖಕನಲ್ಲೂ ಅವಳ ಮಗಳ ಹದಿಹರೆಯ ಕಥೆಯಾಗದೆ ಉಳಿಯಿತು.

7

ಹೊರನಾಡಿನ ಸಂಶೋಧಕರ ಪಾಲಿಗೆ ಇದರಿಂದ ಒಂದು ಕಾರ್ಯವಿಧಾನವೂ ಒದಗುತ್ತದೆ. 'ಗೃಹಭಂಗ' ನ್ಯಾಷನಲ್ ಬುಕ್ ಟ್ರಸ್ಟಿನ ಮೂಲಕ ಹಲವು ಭಾರತೀಯ ಭಾಷೆಗಳಿಗೆ ಹೋಗಿರುವುದರಿಂದ ಭಾರತೀಯ ಸಾಹಿತ್ಯದ ಪಠ್ಯಕ್ರಮಗಳಲ್ಲಿ ಅದನ್ನು ಬಿಡಿಯಾಗಿ, ಗ್ರಾಮಜೀವನದ ದಾಖಲೆಯಾಗಿ ಕಲಿಸುವುದು ಸುಲಭ. ಹಾಗೆ ಕಲಿಸುವಾಗ ಕೊನೆಯ ಅಧ್ಯಾಯಗಳು ಉಪಸಂಹಾರದಂತೆ ಕಂಡು ಹಿಂದೆ ಸರಿಯುತ್ತವೆ. ಅದರ ಜೊತೆಗೆ 'ಭಿತ್ತಿ'ಯ ಬಾಲ್ಯದ ಅಧ್ಯಾಯಗಳನ್ನಾದರೂ ಇಟ್ಟು, ಸಾಧ್ಯವಾದರೆ ಹರಿಹರನ ಅಲ್ಲಮನನ್ನೂ ತಂದು ಓದಿಸಿದರೆ, ಕನ್ನಡದಲ್ಲಿ ಹದಿಹರೆಯದ ಶೋಕಕ್ಕೆ ಚರಿತ್ರೆಯಿದೆ ಎಂಬುದು ವಿದ್ಯಾರ್ಥಿಗಳಿಗೆ ಗೋಚರಿಸೀತು. ತರುಣರ ಸಾಹಿತ್ಯವೆಂಬ ಹೊಸ ಪ್ರಕಾರವನ್ನು ಕನ್ನಡದಲ್ಲಿ ಕಟ್ಟಹೊರಟವರಿಗೂ ಆಗ ಸಾಲ ತರಬೇಕಾದ್ದು ಕಡಿಮೆಯಾಗುತ್ತದೆ.

ಲಕ್ಷ್ಮೀ ನಗರದ ಆ ಹುಡುಗನಿಗೆ ನಾವು ಆಮೇಲೆ 'ಭಿತ್ತಿ'ಯನ್ನು ಕೊಟ್ಟೆವು. ಪರೀಕ್ಷೆಯ ಒತ್ತಡದ ನಡುವೆ ಅವನು ಅದನ್ನು ನಿಧಾನವಾಗಿ ಓದಿದ. ಹಿಂದಿರುಗಿಸುವಾಗ ಪುಸ್ತಕದ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ತನ್ನ ತಾಯಿಯ ಕೊನೆಯ ದಿನಗಳ ಬಗ್ಗೆ ಅರ್ಧ ಗಂಟೆ ಮಾತಾಡಿದ. ಅದಕ್ಕೆ ಮೊದಲು ಅವನು ಅದನ್ನು ನಮ್ಮೆದುರು ಎತ್ತಿರಲಿಲ್ಲ, ನಾವೂ ಕೇಳಿರಲಿಲ್ಲ. ವಿಶ್ವನನ್ನು ಯಾರೂ ಕೇಳಲಿಲ್ಲವೆಂಬ ಅವನ ಆಕ್ಷೇಪ ಕಾದಂಬರಿಯ ಜೊತೆಗೆ ನಮ್ಮ ಮೇಲೂ ಇತ್ತೆಂಬುದು ನಮಗೆ ಆಗ ತಿಳಿಯಿತು.